ಬೆರಿಲಿಯಾ ಮೇಲೆ ದಾಳಿ: ನೆಟ್‌ವರ್ಕ್ ಅಡ್ಮಿನ್‌ಗಳಿಗೆ ಸುಳ್ಳು ಯುದ್ಧ ಯಾಕೆ ಬೇಕು

ಬೆರಿಲಿಯಾ ಅಂತ ಒಂದು ದ್ವೀಪದೇಶ, ಅಟ್ಲಾಂಟಿಕ್ ಸಮುದ್ರದ ಉತ್ತರಕ್ಕೆ ಎಲ್ಲೋ ಇದೆ ಅಂತ ಲೆಕ್ಕ, ಮ್ಯಾಪಲ್ಲಿ ಹುಡುಕಿದ್ರೆ ಸಿಗಲ್ಲ ಯಾಕಂದ್ರೆ ಅದು ಬರೀ ಕಲ್ಪನೆ. ಕ್ರಿಮ್ಸೋನಿಯಾ ಅಂತ ಇನ್ನೊಂದು ಕಲ್ಪನೆಯ ದೇಶಕ್ಕೂ ಇದಕ್ಕೂ ಆಗ್ಬರಲ್ಲ. ವರ್ಷಕ್ಕೊಂದು ಸಲ, ಏಪ್ರಿಲ್-ಮೇ ಸುಮಾರಿಗೆ, ಬೆರಿಲಿಯಾದ ಕರೆಂಟು, ಕುಡಿಯೋ ನೀರಿನ ಘಟಕ, ಮೊಬೈಲ್ ನೆಟ್‌ವರ್ಕ್, ಸರ್ಕಾರಿ ಮೇಲ್ ಸರ್ವರ್ ಎಲ್ಲದರ ಮೇಲೂ ಒಟ್ಟಿಗೆ ಸೈಬರ್ ದಾಳಿ ಶುರುವಾಗತ್ತೆ, ಅದನ್ನ ಕಾಪಾಡೋಕೆ ಬೇರೆ ಬೇರೆ ದೇಶಗಳ ನಿಜವಾದ ನೆಟ್‌ವರ್ಕ್ ಅಡ್ಮಿನ್‌ಗಳು, ಸೆಕ್ಯುರಿಟಿಯವರು, ವಕೀಲರು, ಪತ್ರಿಕಾ ಹೇಳಿಕೆ ಬರೆಯೋರು ಎಲ್ಲ ಎರಡು ದಿನ ಕಂಪ್ಯೂಟರ್ ಮುಂದೆ ಕೂತು ಬೆವರು ಸುರಿಸ್ತಾರೆ. ಇದರ ಹೆಸರು ಲಾಕ್ಡ್ ಶೀಲ್ಡ್ಸ್. ನಡೆಸೋದು ಎಸ್ಟೋನಿಯಾದ ರಾಜಧಾನಿ ಟಾಲಿನ್‌ನಲ್ಲಿರೋ ನೇಟೋ ಸೈಬರ್ ರಕ್ಷಣಾ ಕೇಂದ್ರ, ಸಿಸಿಡಿಸಿಒಇ ಅಂತಾರೆ. 2022ರಲ್ಲಿ 32 ದೇಶಗಳಿಂದ 2000ಕ್ಕೂ ಹೆಚ್ಚು ಜನ ಸೇರಿದ್ರು, ಸುಮಾರು 5500 ವರ್ಚುಯಲ್ ಸಿಸ್ಟಮ್‌ಗಳು (ಅಂದ್ರೆ ಸಾಫ್ಟ್‌ವೇರ್‌ನಲ್ಲೇ ಮಾಡಿದ ಕಂಪ್ಯೂಟರ್‌ಗಳು), 8000ಕ್ಕೂ ಹೆಚ್ಚು ದಾಳಿಗಳು, ಆ ವರ್ಷ ಗೆದ್ದಿದ್ದು ಫಿನ್ಲೆಂಡ್. 2024ರ ಹೊತ್ತಿಗೆ ಜನರ ಸಂಖ್ಯೆ 4000ದ ಹತ್ರ ಹೋಯ್ತು.

ಇಷ್ಟು ಖರ್ಚು ಮಾಡಿ, ಇಷ್ಟು ಜನ ಸೇರಿ, ಇಲ್ಲದ ದೇಶಕ್ಕಾಗಿ ಯಾಕೆ ಹೋರಾಡ್ತಾರೆ ಅನ್ನೋದೇ ಈ ಲೇಖನದ ವಿಷಯ. ಇದನ್ನ ಹ್ಯಾಕಿಂಗ್ ಸ್ಪರ್ಧೆ ಅಂತ ತುಂಬಾ ಜನ ಅಂದ್ಕೊಂಡಿದಾರೆ. ಅಲ್ಲ. ಇದು ಸರ್ವರ್ ರೂಮಿನ ಕೀಲಿ ಇಟ್ಕೊಂಡಿರೋ ಮನುಷ್ಯನಿಗೆ, ಅಂದ್ರೆ ನಮ್ಮ ನಿಮ್ಮ ಆಫೀಸಿನ ಸಿಸ್ಟಮ್ ಅಡ್ಮಿನ್‌ಗೆ, ಒತ್ತಡದಲ್ಲಿ ನಿರ್ಧಾರ ತಗೊಳೋದನ್ನ ಅಭ್ಯಾಸ ಮಾಡಿಸೋ ತಾಲೀಮು.

ಎಸ್ಟೋನಿಯಾದಲ್ಲೇ ಯಾಕೆ ಅಂತ ತಿಳ್ಕೊಳೋಕೆ 2007ಕ್ಕೆ ಹೋಗ್ಬೇಕು. ಆ ವರ್ಷ ಏಪ್ರಿಲ್ ಕೊನೇಲಿ ಟಾಲಿನ್ ಊರ ಮಧ್ಯ ಇದ್ದ ಸೋವಿಯತ್ ಕಾಲದ ಒಂದು ಕಂಚಿನ ಸೈನಿಕನ ಪ್ರತಿಮೆಯನ್ನ ಸರ್ಕಾರ ಅಲ್ಲಿಂದ ತೆಗೆದು ಸೈನಿಕರ ಸ್ಮಶಾನಕ್ಕೆ ಸಾಗಿಸ್ತು, ಬೀದೀಲಿ ಗಲಾಟೆ ಆಯ್ತು, ಅದರ ಜೊತೆಗೇ ಪಾರ್ಲಿಮೆಂಟು, ಸಚಿವಾಲಯಗಳು, ಬ್ಯಾಂಕುಗಳು, ಪತ್ರಿಕೆಗಳ ವೆಬ್‌ಸೈಟ್‌ಗಳ ಮೇಲೆ ಹೊರಗಡೆಯಿಂದ ಟ್ರಾಫಿಕ್, ಅಂದ್ರೆ ಲೆಕ್ಕವಿಲ್ಲದಷ್ಟು ಇಂಟರ್ನೆಟ್ ಕೋರಿಕೆಗಳು, ಪ್ರವಾಹದ ಥರ ನುಗ್ಗೋಕೆ ಶುರುವಾಯ್ತು. ಹೆಚ್ಚುಕಡಿಮೆ ಮೂರು ವಾರ ಅಲೆ ಅಲೆಯಾಗಿ ನಡೀತು. ಆಗಲೇ ಅಲ್ಲಿನ ಜನ ಬ್ಯಾಂಕ್ ವ್ಯವಹಾರ ಬಹುಪಾಲು ಆನ್‌ಲೈನ್‌ನಲ್ಲೇ ಮಾಡ್ತಿದ್ರು, ಹಾಗಾಗಿ ಹೊಡೆತ ಬಿದ್ದಿದ್ದು ದಿನದಿನದ ಬದುಕಿನ ಮೇಲೆ. ಆಗ ಅಲ್ಲಿನ ಎಂಜಿನಿಯರ್‌ಗಳು ತಗೊಂಡ ಒಂದು ದೊಡ್ಡ ನಿರ್ಧಾರ ಏನು ಅಂದ್ರೆ ವಿದೇಶದಿಂದ ಬರೋ ಟ್ರಾಫಿಕ್ಕನ್ನೇ ಕಟ್ ಮಾಡೋದು. ದೇಶದ ಒಳಗಿರೋರಿಗೆ ಬ್ಯಾಂಕ್ ಸಿಗತ್ತೆ, ಪೇಪರ್ ಓದೋಕೆ ಸಿಗತ್ತೆ, ಹೊರಗಿರೋ ಎಸ್ಟೋನಿಯನ್ನರಿಗೆ ಸಿಗಲ್ಲ, ಏನಾಗ್ತಿದೆ ಅಂತ ಪ್ರಪಂಚಕ್ಕೆ ತೋರಿಸ್ಬೇಕಾದ ವೆಬ್‌ಸೈಟುಗಳೂ ಹೊರಗಿನೋರಿಗೆ ಕಾಣಲ್ಲ.

ಫೈರ್‌ವಾಲ್‌ನಲ್ಲಿ, ಅಂದ್ರೆ ಯಾವ ಟ್ರಾಫಿಕ್ ಬಿಡ್ಬೇಕು ಯಾವುದನ್ನ ತಡೀಬೇಕು ಅಂತ ನೋಡೋ ಕಾವಲಲ್ಲಿ, ಒಂದು ರೂಲ್ ಹಾಕೋದು ಯಾರಿಗೂ ಕಷ್ಟ ಅಲ್ಲ. ಆದ್ರೆ ಯಾರಿಗೆ ಸೇವೆ ಕೊಡೋದು, ಯಾರನ್ನ ಕೈಬಿಡೋದು, ಅದನ್ನ ಹೇಳೋ ಅಧಿಕಾರ ಯಾರಿಗಿದೆ, ರಾತ್ರಿ ಎರಡು ಗಂಟೆಗೆ ಅವರು ಫೋನ್ ಎತ್ತುತಾರಾ, ಇವೆಲ್ಲ ಟೆಕ್ನಿಕಲ್ ಪ್ರಶ್ನೆಗಳಲ್ಲ, ಆದ್ರೂ ಉತ್ತರ ಕೊಡ್ಬೇಕಾದ ಜಾಗದಲ್ಲಿ ಅಡ್ಮಿನ್ ಒಬ್ಬನೇ ಕೂತಿರ್ತಾನೆ. ಮರುವರ್ಷ, 2008ರ ಮೇ ತಿಂಗಳಲ್ಲಿ ಟಾಲಿನ್ ಕೇಂದ್ರ ಶುರುವಾಯ್ತು, 2010ರಲ್ಲಿ ಬಾಲ್ಟಿಕ್ ಸೈಬರ್ ಶೀಲ್ಡ್ ಅನ್ನೋ ಹೆಸರಲ್ಲಿ ಮೊದಲ ಅಭ್ಯಾಸ ನಡೀತು, ಅದೇ ಮುಂದೆ ಲಾಕ್ಡ್ ಶೀಲ್ಡ್ಸ್ ಆಯ್ತು.

ಈಗ ಅಡ್ಮಿನ್ ಕೆಲಸ ಅಂದ್ರೆ ಏನು ಅಂತ ಸ್ವಲ್ಪ ಯೋಚ್ನೆ ಮಾಡಿ. ದಿನಾ ಬೆಳಿಗ್ಗೆ ಬಂದು ಬ್ಯಾಕ್‌ಅಪ್ ಆಗಿದ್ಯಾ ನೋಡೋದು, ಪ್ರಿಂಟರ್ ಬರ್ತಿಲ್ಲ ಅಂದೋರಿಗೆ ಸರಿ ಮಾಡಿಕೊಡೋದು, ಹೊಸದಾಗಿ ಸೇರಿದೋರಿಗೆ ಐಡಿ ಮಾಡಿಕೊಡೋದು, ಸಾಫ್ಟ್‌ವೇರ್‌ನ ತೂತು ಮುಚ್ಚೋ ಪ್ಯಾಚ್ ಹಾಕೋದು, ಸರ್ವರ್ ಬೀಳದ ಹಾಗೆ ನೋಡ್ಕೊಳೋದು. ಎಲ್ಲ ಸರಿ ಇದ್ದಾಗ ಯಾರಿಗೂ ಅವನ ನೆನಪೇ ಇರಲ್ಲ. ಈ ಕೆಲಸ ಕಲಿಸೋದು ತಾಳ್ಮೆ, ಒಂದೊಂದೇ ತೊಂದರೆ ಹಿಡಿದು ಬಗೆಹರಿಸೋದು. ದಾಳಿ ಆದಾಗ ಬೇಕಾಗೋದು ಪೂರ್ತಿ ಬೇರೆ: ಹತ್ತು ಕಡೆ ಒಟ್ಟಿಗೆ ಕೆಟ್ಟಿರತ್ತೆ, ಯಾವುದು ಕಾರಣ ಯಾವುದು ಪರಿಣಾಮ ಗೊತ್ತಿರಲ್ಲ, ಎದುರಿಗಿರೋದು ಕೆಟ್ಟ ಹಾರ್ಡ್ ಡಿಸ್ಕ್ ಅಲ್ಲ ನಮ್ಮನ್ನ ನೋಡ್ಕೊಂಡು ತನ್ನ ಹೆಜ್ಜೆ ಬದಲಾಯಿಸೋ ಮನುಷ್ಯ. ಇದನ್ನ ಪಿಡಿಎಫ್ ಓದಿ ಕಲಿಯೋಕಾಗಲ್ಲ, ಸರ್ಟಿಫಿಕೇಟ್ ಪರೀಕ್ಷೆಯಲ್ಲಿ ನಾಲ್ಕು ಉತ್ತರದಲ್ಲಿ ಒಂದು ಟಿಕ್ ಮಾಡಿಯೂ ಬರಲ್ಲ. ಹಾಗಂತ ನಿಜವಾದ ಆಸ್ಪತ್ರೆಯ ನೆಟ್‌ವರ್ಕ್ ಮೇಲೆ ದಾಳಿ ಮಾಡಿ ಕಲಿಸೋಕೂ ಆಗಲ್ಲ. ಅದಕ್ಕೇ ಸುಳ್ಳು ನೆಟ್‌ವರ್ಕ್ ಕಟ್ಟೋದು.

ಈ ಸುಳ್ಳು ನೆಟ್‌ವರ್ಕಿಗೆ ಸೈಬರ್ ರೇಂಜ್ ಅಂತಾರೆ. ಒಂದು ದೊಡ್ಡ ಸರ್ವರ್ ಗುಂಪಿನ ಮೇಲೆ ನೂರಾರು ವರ್ಚುಯಲ್ ಮಷಿನ್ ಓಡಿಸ್ತಾರೆ, ಅದರಲ್ಲಿ ವಿಂಡೋಸ್ ಪಿಸಿಗಳು, ಲಿನಕ್ಸ್ ಸರ್ವರ್‌ಗಳು, ಮೇಲ್, ವೆಬ್‌ಸೈಟ್, ಡೇಟಾಬೇಸ್, ಫೈರ್‌ವಾಲ್, ರೌಟರ್ ಎಲ್ಲ ಇರತ್ತೆ, ನಿಜವಾದ ಇಂಟರ್ನೆಟ್‌ಗೆ ಮಾತ್ರ ಒಂದು ದಾರೀನೂ ಇರಲ್ಲ. ಅದರ ಬದಲು ಒಳಗೇ ಒಂದು ಸುಳ್ಳು ಇಂಟರ್ನೆಟ್, ಅದರಲ್ಲಿ ಸುಳ್ಳು ನ್ಯೂಸ್ ಸೈಟು, ಸುಳ್ಳು ಸೋಷಿಯಲ್ ಮೀಡಿಯಾ. ದಾಳಿಯ ವೈರಸ್ ಎಷ್ಟೇ ಕೆಟ್ಟದಿರಲಿ ಗೋಡೆ ದಾಟಿ ಹೊರಗೆ ಬರಬಾರದು ಅನ್ನೋದು ಮೊದಲ ನಿಯಮ. ಪ್ರತಿ ಮಷಿನ್‌ಗೂ ಸ್ನ್ಯಾಪ್‌ಶಾಟ್, ಅದರ ಮೊದಲಿನ ಸ್ಥಿತಿಯ ಪೂರ್ತಿ ನಕಲು, ಇರತ್ತೆ, ಅಂದ್ರೆ ಅಭ್ಯಾಸ ಮುಗಿದ ಮೇಲೆ ಎಲ್ಲವನ್ನೂ ಮೊದಲಿನ ಸ್ಥಿತಿಗೆ ತಂದು ಇನ್ನೊಂದು ಬ್ಯಾಚ್‌ಗೆ ಅದೇ ನೆಟ್‌ವರ್ಕ್ ಕೊಡಬಹುದು, ನಿಜ ಜೀವನದಲ್ಲಿ ಸಿಗದ ಸೌಲಭ್ಯ ಇದು.

ಲಾಕ್ಡ್ ಶೀಲ್ಡ್ಸ್‌ನಲ್ಲಿ ಒಂದೊಂದು ಟೀಮಿಗೂ ನೂರೈವತ್ತರ ಆಸುಪಾಸು ಸಿಸ್ಟಮ್ ವಹಿಸಿಕೊಡ್ತಾರೆ. ಬರೀ ಆಫೀಸ್ ಪಿಸಿ ಅಲ್ಲ, 2017ರಲ್ಲಿ ಒಂದು ಕಲ್ಪನೆಯ ವಾಯುನೆಲೆಯ ನೆಟ್‌ವರ್ಕನ್ನೇ ಕಟ್ಟಿದ್ರು, ಕರೆಂಟ್ ಗ್ರಿಡ್, ಡ್ರೋನ್ ಎಲ್ಲ ಸೇರಿಸಿ. ಇನ್ನೊಂದು ವಿಷಯ ನನಗೆ ತುಂಬಾ ಇಷ್ಟ ಆಗೋದು: ಈ ನೆಟ್‌ವರ್ಕನ್ನ ಚೊಕ್ಕವಾಗಿ ಕೊಡಲ್ಲ. ಹಳೇ ಸಾಫ್ಟ್‌ವೇರ್, ಬದಲಾಯಿಸದ ಡೀಫಾಲ್ಟ್ ಪಾಸ್‌ವರ್ಡ್, ಯಾರೋ ಯಾವತ್ತೋ ಮಾಡಿಟ್ಟ ಯೂಸರ್ ಅಕೌಂಟ್, ಮೊದಲೇ ಬಚ್ಚಿಟ್ಟ ಬ್ಯಾಕ್‌ಡೋರ್ ಅನ್ನೋ ಕಳ್ಳದಾರಿ, ಎಲ್ಲ ಬೇಕಂತಲೇ ತುಂಬಿರ್ತಾರೆ. ಯಾಕಂದ್ರೆ ನಿಜವಾದ ಅಡ್ಮಿನ್‌ಗೂ ಸಿಗೋದು ಅಂಥದ್ದೇ ತಾನೇ, ಹಿಂದಿನೋನು ಬಿಟ್ಟು ಹೋದ ನೆಟ್‌ವರ್ಕು, ಡಾಕ್ಯುಮೆಂಟ್ ಅರ್ಧಂಬರ್ಧ, ಯಾವ ಕೇಬಲ್ ಎಲ್ಲಿಗೆ ಹೋಗತ್ತೆ ಅಂತ ಗೊತ್ತಿರೋನು ಕೆಲಸ ಬಿಟ್ಟು ವರ್ಷ ಆಗಿರತ್ತೆ.

ಜನರನ್ನ ಬಣ್ಣದ ಲೆಕ್ಕದಲ್ಲಿ ಗುಂಪು ಮಾಡ್ತಾರೆ. ಕೆಂಪು ಟೀಮು ದಾಳಿ ಮಾಡೋರು, ನೀಲಿ ಟೀಮು ಕಾಪಾಡೋರು, ಹಸಿರು ಅಂದ್ರೆ ಈ ಇಡೀ ಸುಳ್ಳು ನೆಟ್‌ವರ್ಕ್ ಕಟ್ಟಿ ನಡೆಸೋರು, ಬಿಳಿ ಅಂದ್ರೆ ಕಥೆ ಬರೆಯೋರು ಮತ್ತು ತೀರ್ಪು ಕೊಡೋರು, ಹಳದಿಯವರು ಎಲ್ಲ ಕಡೆಯ ವರದಿ ಜೋಡಿಸಿ ಒಟ್ಟಾರೆ ಏನಾಗ್ತಿದೆ ಅನ್ನೋ ಚಿತ್ರ ಕೊಡೋರು. ಸ್ಪರ್ಧೆ ಇರೋದು ನೀಲಿ ಟೀಮ್‌ಗಳ ನಡುವೆ ಮಾತ್ರ, ಕೆಂಪು ಟೀಮು ಗೆಲ್ಲೋಕೆ ಬಂದಿರಲ್ಲ. ಅವರ ಕೆಲಸ ಎಲ್ಲ ನೀಲಿ ಟೀಮಿಗೂ ಒಂದೇ ಸಮನಾಗಿ, ಒಂದೇ ಥರದ ದಾಳಿಗಳನ್ನ ಮಾಡೋದು, ಇಲ್ಲಾಂದ್ರೆ ಒಬ್ಬರಿಗೆ ಸುಲಭ ಇನ್ನೊಬ್ಬರಿಗೆ ಕಷ್ಟ ಆಗಿ ಹೋಲಿಸೋಕೇ ಆಗಲ್ಲ. ಒಳ್ಳೇ ಕೆಂಪು ಟೀಮು ಅಂದ್ರೆ ತಾನೆಷ್ಟು ಬುದ್ಧಿವಂತ ಅಂತ ತೋರಿಸೋ ಗುಂಪಲ್ಲ, ಎದುರಿನೋರಿಗೆ ಕಲಿಯೋಕೆ ಏನು ಬೇಕೋ ಅದನ್ನ ಅಳೆದು ಬಡಿಸೋ ಗುಂಪು.

ಈಗ ದಾಳಿ ಹೇಗೆ ಸಾಗತ್ತೆ ನೋಡೋಣ, ಇಲ್ಲಿ ಸ್ವಲ್ಪ ನಿಧಾನಕ್ಕೆ ಹೋಗ್ತೀನಿ ಯಾಕಂದ್ರೆ ಇದು ಅರ್ಥ ಆದ್ರೆ ಉಳಿದಿದ್ದೆಲ್ಲ ಅರ್ಥ ಆಗತ್ತೆ. ಅಕೌಂಟ್ಸ್ ಸೆಕ್ಷನ್‌ನ ಒಬ್ಬರು ಮೇಲ್‌ನಲ್ಲಿ ಬಂದ ಇನ್‌ವಾಯ್ಸ್ ಫೈಲ್ ಓಪನ್ ಮಾಡ್ತಾರೆ, ಅದರಿಂದ ಅವರ ಪಿಸಿಯಲ್ಲಿ ದಾಳಿಕೋರನ ಒಂದು ಸಣ್ಣ ಪ್ರೋಗ್ರಾಮ್ ಕೂರತ್ತೆ. ಇಷ್ಟಕ್ಕೇ ಏನೂ ಹೋಗಲ್ಲ, ಒಂದು ಪಿಸಿ ಹೋಯ್ತು ಅಷ್ಟೇ. ಆದ್ರೆ ಆ ಪಿಸಿ ಸ್ಲೋ ಆಗಿದೆ ಅಂತ ಕಂಪ್ಲೇಂಟ್ ಬಂದು ಅಡ್ಮಿನ್ ತನ್ನ ದೊಡ್ಡ ಅಕೌಂಟಿನಿಂದ ಅದಕ್ಕೆ ಲಾಗಿನ್ ಆಗ್ತಾನೆ. ವಿಂಡೋಸ್ ಅವನ ಪಾಸ್‌ವರ್ಡಿನ ಗುರುತು, ಹ್ಯಾಶ್ ಅಂತಾರೆ, ಅದನ್ನ ಮೆಮೊರಿಯಲ್ಲಿ ಇಟ್ಕೊಂಡಿರತ್ತೆ, ದಾಳಿಕೋರ ಕಾಯ್ತಾ ಇದ್ದಿದ್ದೇ ಅದಕ್ಕೆ. ನಿಜವಾದ ಪಾಸ್‌ವರ್ಡ್ ಗೊತ್ತಿಲ್ಲದಿದ್ರೂ ಆ ಹ್ಯಾಶ್ ತೋರಿಸಿ ಬೇರೆ ಮಷಿನ್‌ಗಳಿಗೆ ಹೋಗಬಹುದು. ಹಾಗೇ ಒಂದರಿಂದ ಇನ್ನೊಂದಕ್ಕೆ ಹಾರ್ತಾ ಕೊನೆಗೆ ಡೊಮೈನ್ ಕಂಟ್ರೋಲರ್ ತಲುಪ್ತಾನೆ. ಆಫೀಸಿನ ನೆಟ್‌ವರ್ಕಿನ ಎಲ್ಲರ ಲಾಗಿನ್ ಪರೀಕ್ಷಿಸೋ ಸರ್ವರ್ ಇದು, ಈ ಡೊಮೈನ್ ಕಂಟ್ರೋಲರ್ ಅನ್ನೋದು ಕಲ್ಯಾಣ ಮಂಟಪದ ಮ್ಯಾನೇಜರ್ ಸೊಂಟದಲ್ಲಿರೋ ಕೀಲಿಗೊಂಚಲು ಇದ್ದ ಹಾಗೆ, ಅದು ಸಿಕ್ತು ಅಂದ್ರೆ ಉಗ್ರಾಣ, ಅಡುಗೆಮನೆ, ವಧುವಿನ ರೂಮು, ಗಲ್ಲಾಪೆಟ್ಟಿಗೆ ಯಾವುದಕ್ಕೂ ಬೀಗ ಒಡೆಯೋ ಕೆಲಸಾನೇ ಇಲ್ಲ.

ನೀಲಿ ಟೀಮಿನೋರು ಇದನ್ನ ಪತ್ತೆ ಮಾಡಿದ್ರು ಅಂತಿಟ್ಕೊಳಿ. ತಕ್ಷಣ ಹೊಳೆಯೋದು ಎಲ್ಲರ ಪಾಸ್‌ವರ್ಡ್ ಬದಲಾಯಿಸೋದು. ಮಾಡ್ತಾರೆ. ಅರ್ಧ ಗಂಟೆಗೆ ದಾಳಿಕೋರ ಮತ್ತೆ ಒಳಗೆ ಓಡಾಡ್ತಾ ಇರ್ತಾನೆ. ಹೇಗೆ? ಲಾಗಿನ್ ಆದೋರಿಗೆ ಬೇರೆ ಸರ್ವರ್‌ಗಳಿಗೆ ಹೋಗೋಕೆ ಸಿಗೋ ಡಿಜಿಟಲ್ ಪಾಸಿಗೆ ಟಿಕೆಟ್ ಅಂತಾರೆ, ಡೊಮೈನ್‌ನಲ್ಲಿ, ಅಂದ್ರೆ ಆ ಆಫೀಸಿನ ನೆಟ್‌ವರ್ಕಿನಲ್ಲಿ, ಎಲ್ಲ ಟಿಕೆಟ್‌ಗಳಿಗೂ ಸಹಿ ಹಾಕೋ ಒಂದು ವಿಶೇಷ ಅಕೌಂಟ್ ಇರತ್ತೆ, ಕೆಆರ್‌ಬಿಟಿಜಿಟಿ ಅಂತ ಅದರ ಹೆಸರು, ಅದರ ಹ್ಯಾಶ್ ಕದ್ದೋನು ತನಗೆ ಬೇಕಾದ ಹೆಸರಲ್ಲಿ ತಾನೇ ಟಿಕೆಟ್ ಬರ್ಕೊಬಹುದು. ಅದರ ಪಾಸ್‌ವರ್ಡನ್ನೂ ಬದಲಾಯಿಸ್ಬೇಕು, ಅದೂ ಎರಡು ಸಲ, ಯಾಕಂದ್ರೆ ಸಿಸ್ಟಮ್ ಹಿಂದಿನ ಪಾಸ್‌ವರ್ಡನ್ನೂ ನೆನಪಿಟ್ಕೊಂಡು ಒಪ್ಕೊಳತ್ತೆ, ಎರಡನೇ ಸಲ ಬದಲಾಯಿಸಿದಾಗಲೇ ಕಳುವಾದದ್ದು ಪೂರ್ತಿ ಅಳಿಸಿ ಹೋಗೋದು. ಎರಡರ ಮಧ್ಯ ಸಮಯ ಬಿಡದೆ ಅವಸರದಲ್ಲಿ ಮಾಡಿದ್ರೆ ನಮ್ಮದೇ ಸರ್ವರ್‌ಗಳ ಟಿಕೆಟ್‌ಗಳೂ ಕೆಲಸ ನಿಲ್ಲಿಸಿ ಒದ್ದಾಡಬೇಕಾಗತ್ತೆ. ಓದಿದಾಗ ಇದು ಎರಡು ಸಾಲು. ಗಡಿಯಾರ ಓಡ್ತಿರೋವಾಗ, ಪಕ್ಕದಲ್ಲಿ ಮೂರು ಜನ ಮೂರು ಥರ ಕೂಗ್ತಿರೋವಾಗ ಕೈಯಾರೆ ಒಂದು ಸಲ ಮಾಡಿದೋನಿಗೆ ಮಾತ್ರ ಅದು ಮೈಗೆ ಹತ್ತೋದು.

ಇನ್ನೊಂದು ತಕ್ಷಣದ ಆಲೋಚನೆ, ವೈರ್ ಕಿತ್ತಾಕೋದು. ಒಂದು ಸೋಂಕು ತಗುಲಿದ ಪಿಸಿಯನ್ನ ನೆಟ್‌ವರ್ಕಿಂದ ಬಿಡಿಸೋದು ಒಳ್ಳೇದೇ, ಆದ್ರೆ ಭಯಕ್ಕೆ ಎಲ್ಲವನ್ನೂ ಆಫ್ ಮಾಡಿದ್ರೆ ದಾಳಿಕೋರ ಮಾಡಬೇಕಾಗಿದ್ದ ಕೆಲಸವನ್ನ ನಾವೇ ಮಾಡಿಕೊಟ್ಟ ಹಾಗೆ. ಅಭ್ಯಾಸದ ಅಂಕ ಕೊಡೋ ಪದ್ಧತಿ ಇದನ್ನ ಚೆನ್ನಾಗಿ ಕಲಿಸತ್ತೆ. ನಿಮಿಷ ನಿಮಿಷಕ್ಕೂ ಒಂದು ಪ್ರೋಗ್ರಾಮ್ ಬಂದು ವೆಬ್‌ಸೈಟ್ ತೆಗೀತಿದ್ಯಾ, ಮೇಲ್ ಹೋಗ್ತಿದ್ಯಾ ಅಂತ ನೋಡ್ತಾ ಇರತ್ತೆ, ನಿಂತ್ರೆ ಅಂಕ ಕಟ್. ಸುಳ್ಳು ಉದ್ಯೋಗಿಗಳ ಪಾತ್ರ ಮಾಡೋರೂ ಇರ್ತಾರೆ, ನನಗೆ ಫೈಲ್ ಓಪನ್ ಆಗ್ತಿಲ್ಲ ಅಂತ ಅವರು ಕಂಪ್ಲೇಂಟ್ ಹಾಕ್ತಾರೆ, ಸೆಕ್ಯುರಿಟಿ ಹೆಸರಲ್ಲಿ ಅವರ ಕೆಲಸಕ್ಕೇ ಅಡ್ಡಿ ಮಾಡಿದ್ರೆ ಅದಕ್ಕೂ ಅಂಕ ಹೋಗತ್ತೆ. ಮಷಿನ್ ಕೆಟ್ಟೋಯ್ತು ಮೊದಲಿನ ಸ್ನ್ಯಾಪ್‌ಶಾಟ್‌ಗೆ ವಾಪಸ್ ತಂದುಕೊಡಿ ಅಂತ ಕೇಳೋದಕ್ಕೂ ಇಂಥ ಅಭ್ಯಾಸಗಳಲ್ಲಿ ಸಾಮಾನ್ಯವಾಗಿ ಬೆಲೆ ತೆರಬೇಕಾಗತ್ತೆ, ಅದೂ ಅಲ್ದೆ ಹಳೇ ಸ್ಥಿತಿಗೆ ತಂದ್ರೆ ಹಳೇ ತೂತುಗಳೂ ಜೊತೇಲೇ ವಾಪಸ್ ಬರ್ತವೆ ಅನ್ನೋದನ್ನ ತುಂಬಾ ಜನ ಮರೀತಾರೆ.

ಅಂಕಗಳಲ್ಲಿ ಒಂದು ಪಾಲು ಬರವಣಿಗೆಗೆ ಇರೋದು ಕೆಲವರಿಗೆ ವಿಚಿತ್ರ ಅನಿಸಬಹುದು. ದಾಳಿ ನಡೀತಿರೋವಾಗಲೇ ಏನಾಗಿದೆ, ಏನು ಮಾಡಿದೀವಿ, ಮುಂದೇನು ಅಂತ ಆಗಾಗ ಚಿಕ್ಕ ವರದಿ ಕಳಿಸ್ಬೇಕು, ಕಾನೂನು ಪ್ರಶ್ನೆಗಳು ಬರ್ತವೆ, ಸುಳ್ಳು ಪತ್ರಕರ್ತರು ಫೋನ್ ಮಾಡ್ತಾರೆ. ನನ್ನ ಅಭಿಪ್ರಾಯದಲ್ಲಿ ಇಡೀ ತಾಲೀಮಿನ ಅತಿ ಮುಖ್ಯ ಭಾಗ ಇದೇ. ನಮ್ಮ ಅಡ್ಮಿನ್‌ಗಳು ಕಮಾಂಡ್ ಲೈನ್‌ನಲ್ಲಿ ಹುಲಿಗಳು, ಆದ್ರೆ ಎಂ.ಡಿ.ಗೆ ನಾಲ್ಕು ಸಾಲಿನಲ್ಲಿ ಪರಿಸ್ಥಿತಿ ಹೇಳೋದು ಯಾರೂ ಯಾವತ್ತೂ ಕಲಿಸಿಲ್ಲ, ಲಾಗ್‌ನ (ಸಿಸ್ಟಮ್ ತಾನೇ ಬರೆದಿಡೋ ದಿನಚರಿಯ) ಸ್ಕ್ರೀನ್‌ಶಾಟ್ ಕಳಿಸಿಬಿಡ್ತಾರೆ, ಮೇಲಿನೋರಿಗೆ ಏನೂ ಅರ್ಥ ಆಗಲ್ಲ, ನಿರ್ಧಾರ ತಡ ಆಗತ್ತೆ.

ಇದೆಲ್ಲ ಆಟದಲ್ಲಿ ಸರಿ ನಿಜದಲ್ಲಿ ಹೀಗಾಗತ್ತಾ ಅಂತ ಕೇಳಿದ್ರೆ, ಉಕ್ರೇನಿನ 2015ರ ಡಿಸೆಂಬರ್ 23 ನೋಡಿ. ಮೂರು ವಿದ್ಯುತ್ ವಿತರಣಾ ಕಂಪನಿಗಳ ಒಳಗೆ ದಾಳಿಕೋರರು ತಿಂಗಳುಗಟ್ಟಲೆ ಮೊದಲೇ ಮೇಲ್ ಮೂಲಕ ಸೇರ್ಕೊಂಡಿದ್ರು. ಆ ದಿನ ಮಧ್ಯಾಹ್ನ ಕಂಟ್ರೋಲ್ ರೂಮಲ್ಲಿ ಆಪರೇಟರ್‌ನ ಕಣ್ಣೆದುರಿಗೇ ಮೌಸ್ ತನ್ನಷ್ಟಕ್ಕೆ ಓಡಾಡ್ತಾ ಬ್ರೇಕರ್‌ಗಳನ್ನ ಒಂದೊಂದಾಗಿ ಆಫ್ ಮಾಡ್ತು. ಸುಮಾರು 2,25,000 ಗ್ರಾಹಕರಿಗೆ ಚಳಿಗಾಲದಲ್ಲಿ ಕರೆಂಟ್ ಹೋಯ್ತು. ಇಲ್ಲಿ ಗಮನಿಸ್ಬೇಕಾದ್ದು ಏನಂದ್ರೆ ಕಾಲ್ ಸೆಂಟರ್‌ಗೂ ಸುಳ್ಳು ಕರೆಗಳನ್ನ ಸುರಿಸಿದ್ರು, ಎಲ್ಲಿ ಕರೆಂಟ್ ಹೋಗಿದೆ ಅಂತ ಜನ ಫೋನ್ ಮಾಡಿ ಹೇಳೋಕೂ ಆಗದ ಹಾಗೆ, ಸಬ್‌ಸ್ಟೇಷನ್‌ಗಳಲ್ಲಿ ಸಂಪರ್ಕಕ್ಕಿದ್ದ ಉಪಕರಣಗಳ ಒಳಗಿನ ಸಾಫ್ಟ್‌ವೇರ್ ಹಾಳು ಮಾಡಿದ್ರು, ಕಂಪ್ಯೂಟರ್‌ಗಳ ಡಿಸ್ಕ್ ಅಳಿಸಿದ್ರು. ಕೆಲವೇ ಗಂಟೆಗಳಲ್ಲಿ ಕರೆಂಟ್ ವಾಪಸ್ ಬಂದಿದ್ದು ಹೇಗೆ ಅಂದ್ರೆ ಸಿಬ್ಬಂದಿ ಗಾಡಿ ಹತ್ತಿ ಸಬ್‌ಸ್ಟೇಷನ್‌ಗೆ ಹೋಗಿ ಕೈಯಿಂದ ಬ್ರೇಕರ್ ಹಾಕಿದ್ರು. ಕೈಯಿಂದ ಮಾಡೋದು ಗೊತ್ತಿದ್ದ ಜನ ಇನ್ನೂ ಅಲ್ಲಿದ್ರು, ಅದು ಅವರನ್ನ ಉಳಿಸ್ತು.

2017ರ ಜೂನ್‌ನಲ್ಲಿ ಕಂಪ್ಯೂಟರ್‌ಗಳನ್ನ ಹಾಳು ಮಾಡ್ತಾ ಹಬ್ಬಿದ ನಾಟ್‌ಪೆಟ್ಯಾ ಅನ್ನೋ ವೈರಸ್ ದಾಳಿಯಲ್ಲಿ ಹಡಗು ಕಂಪನಿ ಮಾರ್ಸ್ಕ್‌ಗೆ ಆಗಿದ್ದು ಇನ್ನೊಂದು ಪಾಠ. 4000 ಸರ್ವರ್, 45,000 ಪಿಸಿ ಹತ್ತು ದಿನದಲ್ಲಿ ಮತ್ತೆ ಕಟ್ಟಬೇಕಾಯ್ತು ಅಂತ ಕಂಪನಿಯ ಅಧ್ಯಕ್ಷರೇ ಮುಂದೆ ದಾವೋಸ್‌ನಲ್ಲಿ ಹೇಳಿದ್ರು. ಅವರ ಡೊಮೈನ್ ಕಂಟ್ರೋಲರ್‌ಗಳು ಒಂದಕ್ಕೊಂದು ಪ್ರತಿ ಇಟ್ಕೊಳೋ ಹಾಗಿದ್ವು, ಒಂದು ಹೋದ್ರೆ ಇನ್ನೊಂದು ಇದೆಯಲ್ಲ ಅನ್ನೋ ಧೈರ್ಯ, ಆದ್ರೆ ಎಲ್ಲವೂ ಒಟ್ಟಿಗೇ ಅಳಿಸಿಹೋಗಬಹುದು ಅಂತ ಯಾರೂ ಎಣಿಸಿರಲಿಲ್ಲ. ಉಳಿದಿದ್ದು ಘಾನಾ ದೇಶದ ಆಫೀಸಲ್ಲಿದ್ದ ಒಂದೇ ಒಂದು, ಅದೂ ದಾಳಿಯ ಹೊತ್ತಿಗೆ ಅಲ್ಲಿ ಕರೆಂಟ್ ಹೋಗಿ ನೆಟ್‌ವರ್ಕಿಂದ ಆಚೆ ಇತ್ತು ಅನ್ನೋ ಕಾರಣಕ್ಕೆ. ಅಷ್ಟು ದೊಡ್ಡ ಕಂಪನಿ ಒಂದು ಪವರ್ ಕಟ್‌ನಿಂದ ಬಚಾವಾಯ್ತು. ಎಲ್ಲ ಬ್ಯಾಕ್‌ಅಪ್ಪೂ ಒಟ್ಟಿಗೆ ಹೋದ್ರೆ ಏನು ಮಾಡ್ತೀರಿ ಅನ್ನೋ ಪ್ರಶ್ನೆಯನ್ನ ಒಂದು ಮಧ್ಯಾಹ್ನದ ಅಭ್ಯಾಸದಲ್ಲಿ ಕೇಳಬಹುದಿತ್ತು.

ಇದಕ್ಕೆಲ್ಲ ನೇಟೋ ಮಟ್ಟದ ದುಡ್ಡು ಬೇಕು ನಮಗೆಲ್ಲಿ ಆಗತ್ತೆ ಅನ್ನೋದನ್ನ ನಾನು ಒಪ್ಪಲ್ಲ. ಟೇಬಲ್‌ಟಾಪ್ ಅಂತ ಒಂದು ಬಗೆ ಇದೆ, ಅದಕ್ಕೆ ಬೇಕಾದ್ದು ಒಂದು ಮೇಜು, ಆರೇಳು ಜನ, ಕಥೆ ಬರೆಯೋಕೆ ಒಬ್ಬರು. ಒಂದು ಸಣ್ಣ ಸಹಕಾರಿ ಬ್ಯಾಂಕು ಅಂತಿಟ್ಕೊಳಿ, ನಾಳೆ ಎರಡನೇ ಶನಿವಾರ, ಈಗ ಶುಕ್ರವಾರ ಸಂಜೆ ಐದು. ನಡೆಸೋರು ಮೊದಲ ಚೀಟಿ ಓದ್ತಾರೆ: ಸಾಲ ವಿಭಾಗದ ಸಿಬ್ಬಂದಿ ಫೋನ್ ಮಾಡಿ ಫೈಲ್‌ಗಳ ಹೆಸರೆಲ್ಲ ಏನೇನೋ ಆಗಿದೆ ಅಂತಿದಾರೆ, ಏನ್ಮಾಡ್ತೀರಿ? ಹತ್ತು ನಿಮಿಷ ಮಾತಾಡ್ತಾರೆ. ಎರಡನೇ ಚೀಟಿ: ಇನ್ನೆರಡು ಬ್ರಾಂಚಿಂದ ಇದೇ ಕಂಪ್ಲೇಂಟು. ಮೂರನೇದು: ಬ್ಯಾಕ್‌ಅಪ್ ನೋಡ್ಕೊಳೋರು ಧರ್ಮಸ್ಥಳಕ್ಕೆ ಹೋಗಿದಾರೆ, ಫೋನ್ ಸಿಗ್ತಿಲ್ಲ. ಆಮೇಲೆ ಲೋಕಲ್ ಚಾನೆಲ್‌ನೋರು ಮ್ಯಾನೇಜರ್‌ಗೆ ಫೋನ್ ಮಾಡ್ತಾರೆ, ನಿಮ್ಮ ಬ್ಯಾಂಕ್ ಹ್ಯಾಕ್ ಆಗಿದ್ಯಂತೆ ನಿಜಾನಾ ಅಂತ. ಸಾಫ್ಟ್‌ವೇರ್ ಕೊಟ್ಟ ಕಂಪನಿಯೋರು ನಮಗೆ ರಿಮೋಟ್ ಆಕ್ಸೆಸ್ ಕೊಡಿ ನೋಡ್ತೀವಿ ಅಂತಾರೆ, ಅವರು ಅವರೇ ಅಂತ ಹೇಗೆ ಗೊತ್ತು? ಒಂದು ಕಂಪ್ಯೂಟರನ್ನೂ ಮುಟ್ಟದೆ ಇಷ್ಟು ಹೊತ್ತಿಗೆ ಎರಡು ಸತ್ಯ ಹೊರಗೆ ಬಂದಿರತ್ತೆ, ಒಂದು, ಎಲ್ಲ ಬ್ರಾಂಚಿನ ಸಂಪರ್ಕ ಕಡಿಯೋ ಅಧಿಕಾರ ಯಾರಿಗಿದೆ ಅಂತ ಯಾರಿಗೂ ಗೊತ್ತಿಲ್ಲ, ಇನ್ನೊಂದು, ತುರ್ತು ಫೋನ್ ನಂಬರ್‌ಗಳ ಪಟ್ಟಿ ಇರೋದು ಈಗ ಓಪನ್ ಆಗದ ಅದೇ ಫೈಲ್ ಸರ್ವರ್‌ನಲ್ಲಿ.

ನಮ್ಮ ದೇಶದ ಮಟ್ಟಿಗೆ ಇದು ಆಯ್ಕೆಯ ಮಾತಲ್ಲ ಅಂತ ನನ್ನ ಅನಿಸಿಕೆ. ಸೈಬರ್ ದಾಳಿಗಳನ್ನ ನೋಡ್ಕೊಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್, ಅದರ 2022ರ ಏಪ್ರಿಲ್ 28ರ ಆದೇಶದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡ್ಬೇಕು, ಲಾಗ್‌ಗಳನ್ನ 180 ದಿನ ಇಟ್ಟಿರ್ಬೇಕು, ಎಲ್ಲ ಸಿಸ್ಟಮ್‌ಗಳ ಗಡಿಯಾರ ಒಂದೇ ಸಮಯಕ್ಕೆ ಹೊಂದಿರ್ಬೇಕು. ಬೆಂಗಳೂರಿನ ದೊಡ್ಡ ಕಂಪನಿ ಆಗಲಿ ಹುಬ್ಬಳ್ಳಿಯ ಡೇಟಾ ಸೆಂಟರ್ ಆಗಲಿ ಎಲ್ಲರಿಗೂ ಇದೇ ನಿಯಮ. ಆರು ಗಂಟೆ ಅಂದ್ರೆ ಕೇಳೋಕೆ ಜಾಸ್ತಿ ಅನಿಸತ್ತೆ. ಅಭ್ಯಾಸ ಮಾಡಿ ನೋಡಿ, ಮೊದಲ ಒಂದೆರಡು ಗಂಟೆ ಇದು ದಾಳಿನೋ ಸರ್ವರ್ ಕೆಟ್ಟಿರೋದೋ ಅನ್ನೋ ಚರ್ಚೆಯಲ್ಲೇ ಹೋಗತ್ತೆ, ಆಮೇಲೆ ಲಾಗ್ ಹುಡುಕಿದ್ರೆ ಫೈರ್‌ವಾಲಿನ ಟೈಮ್ ಒಂದು, ಸರ್ವರಿನ ಟೈಮ್ ಇನ್ನೊಂದು, ಯಾವುದು ಮೊದಲು ಆಯ್ತು ಅಂತ ಜೋಡಿಸೋಕೇ ಆಗಲ್ಲ. ಗಡಿಯಾರದ ನಿಯಮ ಯಾಕಿದೆ ಅಂತ ಆಗ ಗೊತ್ತಾಗತ್ತೆ.

ಅದೇ ವರ್ಷ ನವೆಂಬರ್ 23ಕ್ಕೆ ದಿಲ್ಲಿಯ ಏಮ್ಸ್ ಆಸ್ಪತ್ರೆ ಮೇಲೆ ದಾಳಿ ಆಯ್ತು. ಐದು ಸರ್ವರ್‌ಗಳ ಸುಮಾರು 1.3 ಟಿಬಿ ಡೇಟಾ ಎನ್‌ಕ್ರಿಪ್ಟ್ ಆಗಿತ್ತು, ಅಂದ್ರೆ ಕೀಲಿ ಇಲ್ದೆ ಓದೋಕಾಗದ ಹಾಗಾಗಿತ್ತು, ಓಪಿಡಿ, ಲ್ಯಾಬ್, ಅಡ್ಮಿಷನ್ ಎಲ್ಲ ಕಾಗದದ ಮೇಲೆ ನಡೆಸಬೇಕಾಯ್ತು. ದೇಶದ ಮೂಲೆಮೂಲೆಯಿಂದ ಬಂದು ರಾತ್ರಿಯೆಲ್ಲ ಕ್ಯೂ ನಿಲ್ಲೋ ಬಡವರು ಅನುಭವಿಸಿದ ತೊಂದರೆ ಇದು, ಬರೀ ಐಟಿ ಸುದ್ದಿ ಅಂತ ನಾನಂತೂ ಓದಲಿಲ್ಲ. ನೆಟ್‌ವರ್ಕನ್ನ ಸರಿಯಾಗಿ ಭಾಗ ಮಾಡಿ ಬೇರ್ಪಡಿಸದೆ ಇದ್ದಿದ್ದು ಕಾರಣ ಅಂತ ಸರ್ಕಾರ ಸಂಸತ್ತಿನಲ್ಲಿ ಹೇಳ್ತು, ಸೋಂಕು ತಗುಲದೆ ಉಳಿದಿದ್ದ ಒಂದು ಬ್ಯಾಕ್‌ಅಪ್ ಸರ್ವರಿಂದ ಆಸ್ಪತ್ರೆಯ ಇ-ಹಾಸ್ಪಿಟಲ್ ಸಾಫ್ಟ್‌ವೇರಿನ ಡೇಟಾ ವಾಪಸ್ ಸಿಕ್ತು. ಒಳಗೆ ಬಂದೋನಿಗೆ ಒಂದು ಕಡೆಯಿಂದ ಇನ್ನೊಂದು ಕಡೆ ಹೋಗೋಕೆ ಎಷ್ಟು ಸುಲಭ ಅನ್ನೋದನ್ನ ಒಂದು ಒಳ್ಳೇ ಕೆಂಪು ಟೀಮು ಒಂದೇ ದಿನದಲ್ಲಿ ತೋರಿಸಿಕೊಡತ್ತೆ.

ನಮ್ಮಲ್ಲೂ ಅಭ್ಯಾಸಗಳು ನಡೀತಾವೆ, ಇಲ್ಲ ಅಂತಲ್ಲ. ಸರ್ಟ್-ಇನ್ ಮಾಕ್ ಡ್ರಿಲ್ ಮಾಡಿಸತ್ತೆ, ಹೈದರಾಬಾದಿನ ಐಡಿಆರ್‌ಬಿಟಿ ಅನ್ನೋ ಬ್ಯಾಂಕಿಂಗ್ ತಂತ್ರಜ್ಞಾನ ಸಂಸ್ಥೆ ಬ್ಯಾಂಕುಗಳಿಗೆ ಸೈಬರ್ ಡ್ರಿಲ್ ಮಾಡಿಸತ್ತೆ, ರಾಷ್ಟ್ರೀಯ ಭದ್ರತಾ ಮಂಡಳಿಯ ಸಚಿವಾಲಯ 2022ರಿಂದ ಎನ್‌ಸಿಎಕ್ಸ್ ಅನ್ನೋ ರಾಷ್ಟ್ರೀಯ ಅಭ್ಯಾಸ ಶುರು ಮಾಡಿದೆ, ಅದರಲ್ಲಿ ತರಬೇತಿ, ನೇರ ದಾಳಿ-ರಕ್ಷಣೆ, ಮೇಲಧಿಕಾರಿಗಳಿಗೆ ನಿರ್ಧಾರದ ಅಭ್ಯಾಸ ಮೂರೂ ಇರತ್ತೆ. ನನ್ನ ಕಾಳಜಿ ಇರೋದು ಅಲ್ಲಿಗೆ ತಲುಪದೋರ ಬಗ್ಗೆ. ಜಿಲ್ಲಾಸ್ಪತ್ರೆಯ ಗುತ್ತಿಗೆ ನೌಕರ, ತಾಲೂಕು ಮಟ್ಟದ ಸೊಸೈಟಿಯಲ್ಲಿ ಕಂಪ್ಯೂಟರ್ ನೋಡ್ಕೊಳೋ ಹುಡುಗಿ, ಇಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಇನ್‌ಚಾರ್ಜ್, ಇವರ ಕೈಯಲ್ಲೂ ಸಾವಿರಾರು ಜನರ ಮಾಹಿತಿ ಇದೆ, ಇವರಿಗೆ ಒಂದು ಟೇಬಲ್‌ಟಾಪ್ ಕೂಡ ಸಿಕ್ಕಿರಲ್ಲ. ಇಂಥೋರಿಗೆ ಕನ್ನಡದಲ್ಲೇ ಕಥೆ ಬರೆದು, ಅವರದೇ ಆಫೀಸಿನ ಪರಿಸ್ಥಿತಿ ಇಟ್ಟು ಅರ್ಧ ದಿನ ಅಭ್ಯಾಸ ಮಾಡಿಸಿದ್ರೆ ಎಷ್ಟೋ ಸರ್ವರ್ ಉಳೀತವೆ.

ಅಭ್ಯಾಸಕ್ಕೆ ಮಿತಿನೂ ಇದೆ, ಅದನ್ನೂ ಹೇಳ್ಬೇಕು. ಎರಡು ದಿನದಲ್ಲಿ ಎಲ್ಲ ಮುಗಿಸ್ಬೇಕಾದ್ರಿಂದ ಕೆಂಪು ಟೀಮು ಗದ್ದಲ ಮಾಡ್ಕೊಂಡೇ ಬರತ್ತೆ, ನಿಜವಾದ ದಾಳಿಕೋರ ಉಕ್ರೇನಲ್ಲಿ ಮಾಡಿದ ಹಾಗೆ ತಿಂಗಳುಗಟ್ಟಲೆ ಸುಮ್ಮನೆ ಕೂರ್ತಾನೆ. ಅಭ್ಯಾಸದಲ್ಲಿ ಇವತ್ತು ದಾಳಿ ಆಗತ್ತೆ ಅಂತ ಗೊತ್ತಿರತ್ತೆ, ಎಲ್ಲರೂ ಕಣ್ಣು ಬಿಟ್ಕೊಂಡು ಕೂತಿರ್ತಾರೆ, ಸಾಮಾನ್ಯ ಮಂಗಳವಾರ ಮಧ್ಯಾಹ್ನ ಊಟ ಆದ್ಮೇಲೆ ಬಂದ ಒಂದು ಸಣ್ಣ ಅಲರ್ಟನ್ನ ಗಮನಿಸೋ ಗುಣ ಇದರಿಂದ ಬರಲ್ಲ, ಅದಕ್ಕೆ ಬೇರೆ ಶಿಸ್ತು ಬೇಕು. ಇನ್ನು ಕೆಲವು ಕಡೆ ಅಭ್ಯಾಸವನ್ನ ತಪ್ಪು ಹಿಡಿಯೋ ಸಾಧನ ಮಾಡ್ಕೊತಾರೆ, ಪರೀಕ್ಷೆಗೆ ಅಂತ ಫಿಶಿಂಗ್ ಮೇಲ್, ಅಂದ್ರೆ ಕ್ಲಿಕ್ ಮಾಡಿಸಿ ಮೋಸ ಮಾಡೋ ಥರದ ಮೇಲ್, ಕಳಿಸಿ ಕ್ಲಿಕ್ ಮಾಡಿದೋರ ಹೆಸರನ್ನ ಎಲ್ಲರ ಮುಂದೆ ಹೇಳೋದು ಇತ್ಯಾದಿ. ಇದು ತುಂಬಾ ಕೆಟ್ಟದ್ದು. ಒಂದು ಸಲ ಅವಮಾನ ಆದ ಮನುಷ್ಯ ನಾಳೆ ನಿಜವಾಗ್ಲೂ ಕ್ಲಿಕ್ ಮಾಡಿದಾಗ ಬಾಯೇ ಬಿಡಲ್ಲ, ಆ ಮೌನದಲ್ಲಿ ದಾಳಿಕೋರನಿಗೆ ಸಿಗೋ ಸಮಯಕ್ಕೆ ಬೆಲೆ ಕಟ್ಟೋಕಾಗಲ್ಲ.

ಆಟ ಮುಗಿದ ತಕ್ಷಣ ಎಲ್ಲರೂ ಒಟ್ಟಿಗೆ ಕೂತು ಮಾತಾಡೋ ಹೊತ್ತು ಇರತ್ತಲ್ಲ, ಹಾಟ್ ವಾಶ್ ಅಂತಾರೆ, ಅದನ್ನ ಮಾತ್ರ ಬಿಡಬಾರದು, ಸುಸ್ತಾಗಿದೆ ನಾಳೆ ಮಾಡೋಣ ಅಂದ್ರೆ ನಾಳೆಗೆ ಅರ್ಧ ಮರೆತಿರತ್ತೆ. ಕೆಂಪು ಟೀಮಿನೋರು ತಮ್ಮ ಗುಟ್ಟು ಬಿಚ್ಚಿ ಹೇಳ್ಬೇಕು: ಇಷ್ಟು ಗಂಟೆಗೆ ಈ ಸರ್ವರಿಗೆ ಬಂದ್ವಿ, ಈ ಹೆಸರಿನ ಅಕೌಂಟ್ ಮಾಡಿದ್ವಿ, ಈ ಲಾಗ್‌ನಲ್ಲಿ ನಮ್ಮ ಗುರುತು ಇತ್ತು. ನೀಲಿ ಟೀಮಿನೋರು ತಮ್ಮ ಲಾಗ್ ತೆಗೆದು ಅದೇ ಸಾಲನ್ನ ಅಲ್ಲೇ ಹುಡುಕ್ಬೇಕು, ಸಿಕ್ತಾ, ಸಿಕ್ಕಿದ್ರೆ ಯಾಕೆ ಕಣ್ಣಿಗೆ ಬೀಳಲಿಲ್ಲ, ಸಿಗದಿದ್ರೆ ಆ ಲಾಗ್ ಆನ್ ಆಗಿತ್ತಾ. ಆಮೇಲೆ ಒಂದು ಪಟ್ಟಿ, ಪ್ರತಿ ತೂತಿನ ಮುಂದೆ ಮುಚ್ಚೋರ ಹೆಸರು, ಮುಚ್ಚೋ ತಾರೀಖು. ಮುಂದಿನ ಅಭ್ಯಾಸದ ಕಥೆ ಬರೆಯೋರಿಗೆ ಆ ಪಟ್ಟಿಯನ್ನೇ ಕೊಡಿ, ಮೊದಲ ದಾಳಿ ಅದರಲ್ಲಿನ ಮೊದಲ ಸಾಲಿನಿಂದಲೇ ಶುರು ಆಗಲಿ.